ಸೂಜಿಯ ಭಯ: ಮಕ್ಕಳಿಗೆ ನಿಜವನ್ನೇ ಹೇಳೋಣ



ಈ ಸಲದ ಕೃಷಿ–ಆರೋಗ್ಯ ಪಾಠದಲ್ಲಿ ಸೋಯಾಬೀನ್ ಬೀಜೋಪಚಾರದ ಬಗ್ಗೆ ಬರೆಯಬೇಕೆಂದಿದ್ದೆವು. ಅಷ್ಟರಲ್ಲಿ ನಮ್ಮ ಜಳಕೋಟದ ಆಸುಪಾಸಿನ ಒಂದು ಹಳ್ಳಿಯಲ್ಲಿ ನಡೆದ ಸಂಗತಿ ನಮ್ಮ ಕಿವಿಗೆ ಬಿತ್ತು. ಬೀಜದ ಮಾತು ಮುಂದಿನ ಸಲಕ್ಕಿರಲಿ; ಮೊದಲು ಇದನ್ನು ಕೇಳಿ.

ಒಂಬತ್ತು ವರ್ಷದ ಹುಡುಗನೊಬ್ಬ ಹೊಲದಿಂದ ಮನೆಗೆ ಬರುವಾಗ ಬೀದಿನಾಯಿಯೊಂದು ಅವನ ಮೀನಖಂಡಕ್ಕೆ ಕಚ್ಚಿತು. ಹುಡುಗ ಹಳ್ಳದ ನೀರಿನಲ್ಲಿ ಕಾಲು ತೊಳೆದುಕೊಂಡ, ಮನೆಗೆ ಬಂದು ಉದ್ದನೆಯ ಪ್ಯಾಂಟು ಹಾಕಿಕೊಂಡ, ಯಾರಿಗೂ ಒಂದು ಮಾತು ಹೇಳಲಿಲ್ಲ. ಮೂರನೆಯ ದಿನ ಅಜ್ಜಿ ಸ್ನಾನ ಮಾಡಿಸುವಾಗ ಹಲ್ಲಿನ ಗುರುತು ಕಂಡಳು. ಅದೇ ಗಳಿಗೆಯಲ್ಲಿ ಮನೆಯವರು ಅವನನ್ನು ಉದಗೀರಿಗೆ ಒಯ್ದು ಲಸಿಕೆ ಹಾಕಿಸಿದರು. ಹೇಳಿದ ದಿನಗಳಿಗೆ ಸರಿಯಾಗಿ ಹೋಗಿ ಎಲ್ಲ ಸೂಜಿಗಳನ್ನೂ ಮುಗಿಸಿದರು. ದೇವರ ದಯೆಯಿಂದ ಹುಡುಗ ಚೆನ್ನಾಗಿದ್ದಾನೆ.

ಭಾನುವಾರದ ಪೂಜೆಯ ನಂತರ ನಾವು ಅವನನ್ನು ಹತ್ತಿರ ಕರೆದು, “ಯಾಕ ಹೇಳಲಿಲ್ಲ ತಮ್ಮಾ?” ಎಂದು ಕೇಳಿದೆವು. ಅವನು ನೆಲ ನೋಡುತ್ತಾ, “ಸೂಜಿ ಮಾಡಸ್ತಾರಂತ ಅಂಜಿಕಿ ಬಂತ್ರಿ ಫಾದರ್. ಹೊಟ್ಟಿಗಿ ಹದಿನಾಲ್ಕು ಸೂಜಿ ಅಂತ ಮುತ್ಯಾ ಹೇಳ್ತಿದ್ದ” ಎಂದ.

ಬಂಧುಗಳೇ, ಹುಚ್ಚುನಾಯಿ ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ರೋಗಿ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ಲಕ್ಷಣ ಕಾಣುವ ಮೊದಲು ಲಸಿಕೆ ಹಾಕಿಸಿದರೆ ಮಾತ್ರ ಉಳಿವು. ಈ ಹುಡುಗನಿಗೂ ಆ ಉಳಿವಿಗೂ ನಡುವೆ ಅಡ್ಡ ನಿಂತದ್ದು ಬಡತನವಲ್ಲ, ದೂರವಲ್ಲ, ಸೂಜಿಯ ಭಯ. ಆ ಭಯವನ್ನು ಅವನಲ್ಲಿ ಬಿತ್ತಿದವರು ದೊಡ್ಡವರಾದ ನಾವೇ. ಬಿತ್ತಿದವರೇ ಅದನ್ನು ಕೀಳಬೇಕು. ಅದಕ್ಕಾಗಿ ಈ ಪಾಠ.

1. ಭಯ ಎಲ್ಲಿಂದ ಬರುತ್ತದೆ?

ಸ್ವಲ್ಪ ಭಯ ಹುಟ್ಟಿನಿಂದಲೇ ಬಂದದ್ದು. ಮುಳ್ಳು ತಾಗಿದರೆ ಮಗು ಕೈ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಮೈಯನ್ನು ಕಾಪಾಡಿಕೊಳ್ಳಲೆಂದು ದೇವರು ಕೊಟ್ಟ ಬುದ್ಧಿ ಅದು. ಅದನ್ನು ಹೇಡಿತನ ಎನ್ನಬಾರದು. ಆದರೆ ಉಳಿದ ಭಯವನ್ನು ಮಗು ನಮ್ಮಿಂದ ಕಲಿಯುತ್ತದೆ. ಹೇಗೆಂದು ನೋಡೋಣ.

ಮೊದಲನೆಯದು, ಬೆದರಿಕೆ. ಊಟ ಮಾಡದಿದ್ದರೆ, ಅಳು ನಿಲ್ಲಿಸದಿದ್ದರೆ, “ನರ್ಸಬಾಯಿನ್ನ ಕರೀತೀನಿ, ಸೂಜಿ ಮಾಡಸ್ತೀನಿ” ಎನ್ನುತ್ತೇವೆ. ಆಗ ಸೂಜಿ ಔಷಧಿಯಾಗಿ ಉಳಿಯದೆ ಶಿಕ್ಷೆಯಾಗುತ್ತದೆ. ತಪ್ಪು ಮಾಡದೆ ಶಿಕ್ಷೆ ಏಕೆ ಎಂದು ಮಗು ಕೂಗುವುದು ಸಹಜ. ನಾವೂ ಇಲ್ಲಿ ಒಪ್ಪಿಕೊಳ್ಳಬೇಕಾದದ್ದಿದೆ. ಜ್ಞಾನೋಪದೇಶದ ತರಗತಿಯಲ್ಲಿ ಗಲಾಟೆ ಮಾಡುವ ಮಕ್ಕಳಿಗೆ ನಾವೂ ಇದೇ ಮಾತನ್ನು ನಗುತ್ತಾ ಎಷ್ಟೋ ಸಲ ಹೇಳಿದ್ದೇವೆ. ಆ ಹುಡುಗನ ಉತ್ತರ ಕೇಳಿದ ಮೇಲೆ ಬಿಟ್ಟಿದ್ದೇವೆ.

ಎರಡನೆಯದು, ಸುಳ್ಳು. “ಸಂತಿಗಿ ಹೋಗೂಣು ಬಾ” ಎಂದು ಹೊರಡಿಸಿ ದವಾಖಾನೆಗೆ ಒಯ್ಯುತ್ತೇವೆ. “ಏನೂ ನೋಯೂದಿಲ್ಲ” ಎನ್ನುತ್ತೇವೆ. ಮರುಗಳಿಗೆಯಲ್ಲೇ ನೋಯುತ್ತದೆ. ಸೂಜಿಯ ನೋವು ಸಂಜೆಯೊಳಗೆ ಇಳಿಯಬಹುದು, ಅವ್ವ ಸುಳ್ಳು ಹೇಳಿದಳೆಂಬುದು ಮಗುವಿನ ಮನಸ್ಸಿನಲ್ಲಿ ಉಳಿಯುತ್ತದೆ. ಮುಂದಿನ ಸಲ ನಿಜವಾಗಿ ಸಂತೆಗೆ ಕರೆದರೂ ಅದು ಬಾಗಿಲು ಹಿಡಿದು ನಿಲ್ಲುತ್ತದೆ.

ಮೂರನೆಯದು, ನಮ್ಮ ಮುಖ. ತಾಯಿ ಕಣ್ಣು ಮುಚ್ಚಿ ಹಲ್ಲು ಕಚ್ಚಿದರೆ, ತಂದೆ “ನನಗ ನೋಡಾಕ ಆಗೂದಿಲ್ಲ” ಎಂದು ಹೊರಗೆ ಹೋದರೆ, ಮಗುವಿಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ. ಇಲ್ಲಿ ಏನೋ ಕೆಟ್ಟದ್ದು ನಡೆಯಲಿದೆ ಎಂದು ಅದು ತೀರ್ಮಾನಿಸುತ್ತದೆ.

ನಾಲ್ಕನೆಯದು ನಮ್ಮ ಗಡಿಭಾಗಕ್ಕೇ ಸೇರಿದ್ದು. ಉದಗೀರ, ನಿಲಂಗಾ, ಉಮರ್ಗಾ ಕಡೆಯ ನಮ್ಮ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ. ದವಾಖಾನೆಯಲ್ಲಿ ಮಾತು ಮರಾಠಿ. ಇನ್ನೂ ಶಾಲೆಗೆ ಹೋಗದ ಕೂಸಿಗೆ ಬಿಳಿ ಬಟ್ಟೆಯ ಅಪರಿಚಿತರು ತಿಳಿಯದ ಮಾತಿನಲ್ಲಿ ಗಟ್ಟಿಯಾಗಿ ಏನೋ ಹೇಳುತ್ತಾರೆ. ಅವರು ಹೇಳುವುದು ಬರೀ “ಹಾತ ಸೈಲ ಸೋಡ”, ಅಂದರೆ ಕೈ ಸಡಿಲ ಬಿಡು ಎಂದು. ಮಗುವಿಗೆ ಅದು ಬೈಗುಳದಂತೆ ಕೇಳುತ್ತದೆ. ಈ ನಾಲ್ಕು ಮಾತುಗಳನ್ನು ಮನೆಯಲ್ಲೇ ಆಟದಂತೆ ಕಲಿಸಿ ಕರೆದೊಯ್ದರೆ ಅರ್ಧ ಹೆದರಿಕೆ ಅಲ್ಲೇ ಇಳಿಯುತ್ತದೆ.

2. ಹಿರಿಯರ ತೋಳಿನ ಗುರುತು

ಈ ಭಯ ಹೊಸದಲ್ಲ. ಸಿಡುಬಿನ ಕಾಲದಲ್ಲಿ ಮೈಲಿ ಹಾಕುವವರು ಊರಿಗೆ ಬಂದರೆಂದರೆ ಮಕ್ಕಳು ಜೋಳದ ಹೊಲ ಸೇರುತ್ತಿದ್ದರು, ಕಣಜದ ಹಿಂದೆ ಅಡಗುತ್ತಿದ್ದರು. ನಮ್ಮ ಸೀಮೆಯ ಹಿರಿಯರು ಅದನ್ನು ಮರಾಠಿಯವರಂತೆ ದೇವಿ ಹಾಕುವುದು ಎನ್ನುತ್ತಾರೆ. ಹಲ್ಲುಳ್ಳ ಸಣ್ಣ ಚಕ್ರವನ್ನು ತೋಳಿನ ಮೇಲಿಟ್ಟು ತಿರುಗಿಸುವ ಉಪಕರಣವನ್ನೂ ಆಗ ಬಳಸುತ್ತಿದ್ದರು. ಇಂದಿನ ಸಣ್ಣ ಸೂಜಿಗಿಂತ ಅದು ಬಹಳ ಒರಟು. ಆ ದುಂಡನೆಯ ಗುರುತು ನಿಮ್ಮ ಮನೆಯ ಹಿರಿಯರ ತೋಳಿನಲ್ಲಿ ಇಂದಿಗೂ ಇದೆ, ನಮ್ಮ ತೋಳಿನಲ್ಲೂ ಇದೆ. ಆ ಗುರುತಿನ ಫಲವೇನು? ಭಾರತದಲ್ಲಿ 1975ರ ನಂತರ ಸಿಡುಬು ಹರಡಲಿಲ್ಲ. 1980ರಲ್ಲಿ ಇಡೀ ಲೋಕವೇ ಅದರಿಂದ ಮುಕ್ತವಾಯಿತೆಂದು ಘೋಷಿಸಲಾಯಿತು.

ಈ ಕಥೆಯ ಆರಂಭದಲ್ಲಿ ಇರುವುದು ಒಂದು ಆಕಳು ಎಂಬುದು ರೈತರಾದ ನಮಗೆ ಸಂತೋಷದ ವಿಷಯ. ಇಂಗ್ಲೆಂಡಿನಲ್ಲಿ ಹಾಲು ಕರೆಯುವ ಹೆಂಗಸರಿಗೆ ಆಕಳ ಕೆಚ್ಚಲಿನಿಂದ ತಗಲುವ ಒಂದು ಸಣ್ಣ ಗುಳ್ಳೆರೋಗ ಅವರನ್ನು ಸಿಡುಬಿನಿಂದ ಕಾಪಾಡುತ್ತದೆಂಬ ನಂಬಿಕೆಯಿತ್ತು. ಡಾಕ್ಟರ್ ಎಡ್ವರ್ಡ್ ಜೆನ್ನರ್ 1796ರಲ್ಲಿ ಆ ಗುಳ್ಳೆಯ ರಸವನ್ನು ಒಬ್ಬ ತೋಟಗಾರನ ಎಂಟು ವರ್ಷದ ಮಗನಿಗೆ ಹಾಕಿ ಪರೀಕ್ಷಿಸಿದರು. ನಾವು ಗುರುಮಠದಲ್ಲಿ ಕಲಿತ ಲ್ಯಾಟಿನ್ ಭಾಷೆಯಲ್ಲಿ ‘ವಾಕಾ’ ಎಂದರೆ ಆಕಳು. ‘ವ್ಯಾಕ್ಸಿನ್’ ಎಂಬ ಹೆಸರು ಹುಟ್ಟಿದ್ದು ಅದರಿಂದಲೇ. ನಮ್ಮ ದೇಶದಲ್ಲಿ ಮೊದಲು ಆ ಲಸಿಕೆ ಹಾಕಿಸಿಕೊಂಡದ್ದು 1802ರ ಜೂನ್ 14ರಂದು, ಮುಂಬಯಿಯಲ್ಲಿ, ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗು.

ಇನ್ನೊಂದು ಸಂಗತಿ ಮೈಸೂರಿನದು. 1805ರ ಸುಮಾರಿಗೆ ಥಾಮಸ್ ಹಿಕಿ ಎಂಬ ಚಿತ್ರಕಾರ ಬರೆದ ವರ್ಣಚಿತ್ರದಲ್ಲಿ ಅರಮನೆಯ ಹೆಂಗಸರಿದ್ದಾರೆ. ಅವರಲ್ಲಿ ಒಬ್ಬಾಕೆ ಸೀರೆಯ ಸೆರಗನ್ನು ಸರಿಸಿ ತೋಳಿನ ಕಡೆ ಬೆರಳು ತೋರಿಸುತ್ತಿದ್ದಾಳೆ. ಅವರು ಮೈಸೂರಿನ ರಾಣಿಯರೆಂದೂ, ಲಸಿಕೆಯ ಬಗ್ಗೆ ಜನರಿಗಿದ್ದ ಭಯ ಬಿಡಿಸಲು ತಾವು ಹಾಕಿಸಿಕೊಂಡ ಜಾಗವನ್ನು ಹೀಗೆ ತೋರಿಸಿದರೆಂದೂ ಒಬ್ಬ ಇತಿಹಾಸಕಾರರು ಹೇಳಿದ್ದಾರೆ. ಇದರಿಂದ ನಮಗೆ ಸಿಗುವ ಪಾಠ ಸರಳ. ದೊಡ್ಡವರು ತಮ್ಮ ತೋಳು ತೋರಿಸಿದರೆ ಚಿಕ್ಕವರಿಗೆ ಧೈರ್ಯ ಬರುತ್ತದೆ. ಹದಿನಾಲ್ಕು ಸೂಜಿಯ ಕಥೆಯನ್ನು ಬಿಟ್ಟು ಮುತ್ಯಾ ತನ್ನ ತೋಳಿನ ಗುರುತು ತೋರಿಸಿ, “ನಂಗೂ ನೋಯ್ತು ತಮ್ಮಾ, ಆದ್ರ ಇದರಿಂದ ಉಳಕೊಂಡೀನಿ” ಎಂದರೆ ಸಾಕು.

3. ಕರು ಕಲಿಸುವ ಪಾಠ

ನಮ್ಮ ಸೀಮೆ ದೇವಣಿ ತಳಿಯ ಸೀಮೆ. ಹೊಸ ಹೋರಿಯನ್ನು ನೊಗಕ್ಕೆ ಹೂಡುವುದು ನಿಮಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ. ಮೊದಲ ದಿನವೇ ಯಾರೂ ನೊಗವನ್ನು ಕುತ್ತಿಗೆಗೆ ಎಸೆಯುವುದಿಲ್ಲ. ಮೈ ಸವರುತ್ತೀರಿ, ಹೆಸರು ಹಿಡಿದು ಕರೆಯುತ್ತೀರಿ, ನೊಗವನ್ನು ಮೂಸಿ ನೋಡಲು ಬಿಡುತ್ತೀರಿ, ಪಳಗಿದ ಎತ್ತಿನ ಜೊತೆಗೆ ನಿಲ್ಲಿಸುತ್ತೀರಿ. ಮೊದಲ ದಿನ ಬೆದರಿದ ಹೋರಿ ಬಹಳ ದಿನ ಬೆದರುತ್ತದೆಂದು ನಿಮಗೆ ಗೊತ್ತು. ಕಾಲುಬಾಯಿ ಬೇನೆಯ ಲಸಿಕೆ ಹಾಕುವವರು ಬಂದಾಗಲೂ ಹಾಗೆಯೇ. ಪರಿಚಯದ ಕೈ ಗಂಗೆದೊಗಲನ್ನು ತುರಿಸುತ್ತಿದ್ದರೆ ಆಕಳು ಸುಮ್ಮನೆ ನಿಲ್ಲುತ್ತದೆ. ನಾಲ್ಕು ಜನ ಹಗ್ಗ ಹಿಡಿದು ಕೂಗಿದರೆ ಗೂಟ ಕಿತ್ತುಕೊಂಡು ಓಡುತ್ತದೆ.

ದನದ ಮೇಲೆ ತೋರುವ ಈ ತಾಳ್ಮೆಯನ್ನು ನಾವು ಮಗುವಿನ ಮೇಲೆ ತೋರುತ್ತೇವೆಯೇ? ಎಷ್ಟೋ ಸಲ ಇಬ್ಬರು ಕೈ ಹಿಡಿದು, ಒಬ್ಬರು ಕಾಲು ಒತ್ತಿ, ಮಲಗಿಸಿ ಚುಚ್ಚಿಸುತ್ತೇವೆ. ಅಂದು ಕೆಲಸ ಬೇಗ ಮುಗಿಯುತ್ತದೆ, ಆದರೆ ಮುಂದಿನ ಎಲ್ಲ ಸಲಗಳಿಗೂ ಭಯ ಉಳಿಯುತ್ತದೆ. ಇದಲ್ಲದೆ ಕರುವಿಗಿಲ್ಲದ ಒಂದು ಅನುಕೂಲ ಮಗುವಿಗಿದೆ. ಅದು ಮಾತನ್ನು ತಿಳಿಯುತ್ತದೆ.

4. ವಯಸ್ಸಿಗೆ ತಕ್ಕ ಉಪಾಯಗಳು

ಲಸಿಕೆಯ ನೋವನ್ನು ಕಡಿಮೆ ಮಾಡುವ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಲಹೆಗಳನ್ನು ಕೊಟ್ಟಿದೆ. ಅವುಗಳಲ್ಲಿ ಹೆಚ್ಚಿನವಕ್ಕೆ ಒಂದು ಪೈಸೆಯ ಖರ್ಚೂ ಇಲ್ಲ. ಅವುಗಳ ಸಾರದೊಂದಿಗೆ ನಮ್ಮ ಮನೆಗಳಿಗೆ ಹೊಂದುವ ಮಾತುಗಳನ್ನೂ ಇಲ್ಲಿ ಸೇರಿಸಿದ್ದೇವೆ.

ಎದೆಹಾಲಿನ ಕೂಸುಗಳಿಗೆ: ಹುಟ್ಟಿದಾಗ, ಆಮೇಲೆ ಆರು, ಹತ್ತು, ಹದಿನಾಲ್ಕು ವಾರಗಳಿಗೆ ಲಸಿಕೆಗಳಿವೆ. ತಾಯಿ ಕೂಸನ್ನು ಎದೆಗಪ್ಪಿ ಹಾಲು ಕುಡಿಸುತ್ತಿರುವಾಗಲೇ, ಇಲ್ಲವೇ ಕುಡಿಸಿದ ಕೂಡಲೇ ಸೂಜಿ ಹಾಕಿಸುವುದು ಒಳ್ಳೆಯದು. ಬಾಯಿಗೆ ಹಾಕುವ ಹನಿಗಳನ್ನು ಮೊದಲು ಹಾಕಿ, ಸೂಜಿಯನ್ನು ಆಮೇಲೆ ಹಾಕಿರೆಂದು ನರ್ಸಬಾಯಿಯವರನ್ನು ವಿನಯದಿಂದ ಕೇಳಿಕೊಳ್ಳಬಹುದು. ಎರಡು ಮೂರು ಸೂಜಿಗಳಿದ್ದರೆ ಹೆಚ್ಚು ನೋಯುವುದು ಕೊನೆಗಿರಲಿ. ಅಳು ನಿಲ್ಲಲೆಂದು ಜೇನು ನೆಕ್ಕಿಸಬೇಡಿ. ಒಂದು ವರ್ಷದೊಳಗಿನ ಮಕ್ಕಳಿಗೆ ಜೇನು ಅಪಾಯಕರ.

ಒಂದರಿಂದ ಆರು ವರ್ಷದವರಿಗೆ: ಮಗುವನ್ನು ಮಲಗಿಸಬೇಡಿ. ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡು ಅಪ್ಪಿಕೊಳ್ಳಿ. ಅಪ್ಪುಗೆ ಗಟ್ಟಿಯಾಗಿರಲಿ, ಆದರೆ ಕಟ್ಟಿಹಾಕಿದಂತಿರಬಾರದು. ಸೂಜಿ ಹಾಕುವ ಕ್ಷಣದಲ್ಲಿ ಮನಸ್ಸನ್ನು ಬೇರೆ ಕಡೆಗೆ ತಿರುಗಿಸಿ. “ನಮ್ಮ ಗೌರಿ ಕರಾ ಹ್ಯಾಂಗ ಕೂಗ್ತದ?” ಎಂದು ಕೇಳಿ, ಕೈಯಲ್ಲಿ ಗೊಂಬೆಯೋ ಗಿಲಕಿಯೋ ಇರಲಿ. ಹಿಂದಿನ ದಿನ ಮನೆಯಲ್ಲಿ ಬಟ್ಟೆಯ ಗೊಂಬೆಗೆ ಕಡ್ಡಿಯಿಂದ ಸೂಜಿ ಹಾಕುವ ಆಟ ಆಡಿಸಿ. ಮಗುವೇ ಡಾಕ್ಟರನಾಗಲಿ, ನೀವು ಗೊಂಬೆಯ ಅವ್ವನಾಗಿ.

ಆರರಿಂದ ಹತ್ತು ವರ್ಷದವರಿಗೆ: ಅಂದು ಬೆಳಿಗ್ಗೆಯೋ ಹಿಂದಿನ ದಿನವೋ ವಿಷಯ ತಿಳಿಸಿ. ವಾರಗಟ್ಟಲೆ ಮುಂಚೆ ಹೇಳಿದರೆ ಅಷ್ಟು ದಿನವೂ ಅಂಜಿಕೆ ಬೆಳೆಯುತ್ತದೆ. ಏನು ನಡೆಯುತ್ತದೆಂದು ಸರಳವಾಗಿ ಹೇಳಿ: “ತೋಳಿಗಿ ಚುಚ್ತಾರ. ಇರಿವಿ ಕಚ್ಚಿದಂಗ ಆಗ್ತದ, ಕೆಲವರಿಗೆ ಇನ್ನಷ್ಟು ನೋಯ್ತದ. ಐದು ಎಣಿಸೂದ್ರಾಗ ಮುಗೀತದ. ನಾ ಕೈ ಹಿಡಕೊಂಡಿರ್ತೀನಿ.” ಅಂಗೈಯಲ್ಲಿ ಜೋಳದ ಹೊಟ್ಟು ಊದುವಂತೆ ನಿಧಾನವಾಗಿ ಬಾಯಿಯಿಂದ ಉಸಿರು ಊದಲು ಕಲಿಸಿ. ಉಸಿರು ಊದುವಾಗ ಮೈಯ ಬಿಗಿ ಸಡಿಲವಾಗುತ್ತದೆ. ಯಾವ ಕೈಗೆ, ನೋಡುತ್ತೀಯೋ ಮುಖ ತಿರುಗಿಸುತ್ತೀಯೋ ಎಂಬ ಆಯ್ಕೆಯನ್ನು ಮಗುವಿಗೆ ಕೊಡಿ. ಹಾಕಿಸಿಕೊಳ್ಳಬೇಕೋ ಬೇಡವೋ ಎಂಬುದು ಮಾತ್ರ ಆಯ್ಕೆಯಲ್ಲ. ಅದನ್ನು ಮೆಲ್ಲಗೆ, ಗಟ್ಟಿಯಾಗಿ ಹೇಳಿ.

ಹತ್ತು ಮತ್ತು ಹದಿನಾರು ವರ್ಷದವರಿಗೆ: ಈ ಎರಡು ವಯಸ್ಸಿಗೆ ಧನುರ್ವಾಯು ಮತ್ತು ಗಂಟಲಮಾರಿಯ ಟಿಡಿ ಲಸಿಕೆ ಇದೆ. ಈ ವಯಸ್ಸಿನವರು ಭಯವನ್ನು ಬಾಯಿಬಿಟ್ಟು ಹೇಳದೆ ಆ ದಿನ ಶಾಲೆ ತಪ್ಪಿಸುತ್ತಾರೆ. ಗೆಳೆಯರ ಮುಂದೆ ಗೇಲಿ ಮಾಡಬೇಡಿ. ಖಾಲಿ ಹೊಟ್ಟೆಯಲ್ಲಿ ಕಳಿಸಬೇಡಿ. ಕೆಲವರಿಗೆ ತಲೆ ತಿರುಗಿ ಬೀಳುವ ಸ್ವಭಾವವಿರುತ್ತದೆ. ಅಂಥವರು ಮೊದಲೇ ತಿಳಿಸಿ ಮಲಗಿಕೊಂಡು ಹಾಕಿಸಿಕೊಳ್ಳಲಿ, ಸೂಜಿ ಹಾಕದ ಕೈಕಾಲುಗಳ ಸ್ನಾಯುಗಳನ್ನು ಬಿಗಿಹಿಡಿದು ಬಿಡುತ್ತಿರಲಿ, ಆಮೇಲೆ ಸ್ವಲ್ಪ ಹೊತ್ತು ಏಳದಿರಲಿ.

ಎಲ್ಲ ವಯಸ್ಸಿನವರಿಗೂ ಒಂದು ಮಾತು. ಅಳುವುದು ಸೋಲಲ್ಲ. “ಗಂಡಸಾಗಿ ಅಳ್ತೀಯಾ?” ಎಂದು ಕೇಳಬೇಡಿ. ಅತ್ತರೂ ಕೈ ಎಳೆದುಕೊಳ್ಳದೆ ಕುಳಿತ ಮಗುವೇ ಧೈರ್ಯವಂತ ಮಗು. ಆ ಮಾತನ್ನು ಮನೆಗೆ ಬಂದು ಎಲ್ಲರ ಮುಂದೆ ಹೇಳಿ.

5. ಸೂಜಿಯ ನಂತರ

ಲಸಿಕೆ ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕುಳಿತಿರಿ. ಸೂಜಿಯ ಜಾಗವನ್ನು ತಿಕ್ಕಬೇಡಿ. ಎಣ್ಣೆ, ಅರಿಶಿನ, ಸುಣ್ಣ, ಬೂದಿ ಯಾವುದನ್ನೂ ಹಚ್ಚಬೇಡಿ. ಒಂದೆರಡು ದಿನ ಸಣ್ಣ ಜ್ವರ, ಬಾವು ಬರಬಹುದು. ಜ್ವರದ ಔಷಧಿಯನ್ನು ನರ್ಸಬಾಯಿಯವರು ಹೇಳಿದ ಅಳತೆಯಲ್ಲಿ ಮಾತ್ರ ಕೊಡಿ. ಜ್ವರ ಹೆಚ್ಚಾದರೆ, ಕೂಸು ಮಂಕಾಗಿ ಹಾಲು ಬಿಟ್ಟರೆ, ಫಿಟ್ಸ್ ಬಂದರೆ, ಉಸಿರಾಟಕ್ಕೆ ಕಷ್ಟವಾದರೆ ತಡಮಾಡದೆ ದವಾಖಾನೆಗೆ ಒಯ್ಯಿರಿ. ಹುಟ್ಟಿದಾಗ ಹಾಕುವ ಬಿಸಿಜಿ ಸೂಜಿಯ ಜಾಗದಲ್ಲಿ ಕೆಲವು ವಾರಗಳ ನಂತರ ಸಣ್ಣ ಗುಳ್ಳೆ ಎದ್ದು ಒಣಗುತ್ತದೆ, ಅದು ಸಹಜ.

ಮೊದಲ ಸೂಜಿಗೆ ಮಗು ಬಹಳ ಅತ್ತಿತೆಂದು ಎರಡನೆಯದನ್ನು ಬಿಡಬೇಡಿ. ದಡಾರದ ಲಸಿಕೆ, ಮರಾಠಿಯವರು ಗೋವರ ಎನ್ನುವುದು, ಒಂಬತ್ತು ತಿಂಗಳು ತುಂಬಿದ ಮೇಲೆ ಒಮ್ಮೆ, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಇನ್ನೊಮ್ಮೆ ಹಾಕಿಸಬೇಕು. 2022ರಲ್ಲಿ ಮುಂಬಯಿ ಮತ್ತು ನಮ್ಮ ರಾಜ್ಯದ ಬೇರೆ ಕೆಲವು ಊರುಗಳಲ್ಲಿ ದಡಾರ ಹರಡಿ ಮಕ್ಕಳು ಸತ್ತದ್ದನ್ನು ನಾವು ಮರೆಯಬಾರದು. ಒಂದೇ ಮಳೆಗೆ ಪೈರು ತೆನೆಗಟ್ಟುವುದಿಲ್ಲ. ಎರಡನೆಯ ಮಳೆಯೂ ಬೇಕು. ದಿನ ತಪ್ಪಿದ್ದರೂ ನಾಚಿಕೆ ಬೇಡ, ಕಾರ್ಡು ಹಿಡಿದು ಅಂಗನವಾಡಿಗೆ ಹೋಗಿ ಕೇಳಿ.

6. ನಾಯಿ ಕಚ್ಚಿದರೆ, ಕುಡುಗೋಲು ತಾಗಿದರೆ

ಹೊಟ್ಟೆಗೆ ಹದಿನಾಲ್ಕು ಸೂಜಿ ಎಂಬುದು ಈಗ ಹಳೆಯ ಮಾತು. ಆ ಹಳೆಯ ಲಸಿಕೆಯನ್ನು ನಮ್ಮ ದೇಶದಲ್ಲಿ 2005ರ ಹೊತ್ತಿಗೆ ನಿಲ್ಲಿಸಲಾಯಿತು. ಈಗ ತೋಳಿಗೆ, ಚಿಕ್ಕ ಮಕ್ಕಳಿಗೆ ಕೆಲವೊಮ್ಮೆ ತೊಡೆಗೆ ಹಾಕುತ್ತಾರೆ. ಹಾಕುವ ಕ್ರಮಕ್ಕೆ ತಕ್ಕಂತೆ ನಾಲ್ಕು ಅಥವಾ ಐದು ಸಲ ಹೋಗಬೇಕಾಗುತ್ತದೆ. ರಕ್ತ ಬರುವಂತೆ ಕಚ್ಚಿದ್ದರೆ ಗಾಯದ ಒಳಗೂ ಸುತ್ತಲೂ ಬೇರೊಂದು ಔಷಧಿ ಕೊಡುತ್ತಾರೆ. ಅದು ನೋಯುತ್ತದೆ, ಮಗುವಿಗೆ ಅದನ್ನು ಮೊದಲೇ ಹೇಳಿ.

ಕಚ್ಚಿದ ಕೂಡಲೇ ಗಾಯವನ್ನು ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಿರಿ. ಖಾರದ ಪುಡಿ, ಸುಣ್ಣ, ಎಣ್ಣೆ ಬೇಡ. ಅಂದೇ ಸರ್ಕಾರಿ ದವಾಖಾನೆಗೆ ಹೋಗಿ. ಎರಡು ಮೂರು ದಿನ ಕಳೆದಿದ್ದರೂ, ಗಾಯ ಮಾಯ್ದಿದ್ದರೂ ಹೋಗಲೇಬೇಕು. ಕುಡುಗೋಲು, ನೇಗಿಲ ಕುಳ, ತುಕ್ಕಿನ ತಂತಿ, ಮುಳ್ಳು ತಾಗಿದ ಗಾಯಕ್ಕೆ ಮಣ್ಣು ಸಗಣಿ ಸೋಕಿದರೆ ಧನುರ್ವಾಯು ಬರಬಹುದು. ಆಗಲೂ ಗಾಯ ತೊಳೆದು ತೋರಿಸಿಕೊಳ್ಳಬೇಕು. ಚಿಕ್ಕಂದಿನಲ್ಲಿ ಸೂಜಿಗೆ ಅಂಜಿದವನು ದೊಡ್ಡವನಾದ ಮೇಲೆ ಗಾಯಕ್ಕೆ ಅರಿವೆ ಸುತ್ತಿಕೊಂಡು ಹೊಲಕ್ಕೆ ಹೋಗುತ್ತಾನೆ. ಮಗುವಿನ ಭಯ ಬಿಡಿಸಿದರೆ ಮುಂದಿನ ಒಬ್ಬ ರೈತನ ಜೀವವನ್ನೂ ಕಾಪಾಡಿದಂತೆ.

ಎಲ್ಲಕ್ಕಿಂತ ಮೊದಲು ಇಂದೇ ನಿಮ್ಮ ಮಕ್ಕಳನ್ನು ಕೂರಿಸಿಕೊಂಡು ಹೀಗೆ ಹೇಳಿ: “ನಾಯಿ ಕಚ್ಚಿದ್ರ, ಬೆಕ್ಕು ಪರಚಿದ್ರ, ಏನು ತಾಗಿದ್ರೂ ನಮಗ ಹೇಳು. ನಾವು ಬೈಯೂದಿಲ್ಲ, ಹೊಡಿಯೂದಿಲ್ಲ.” ಹೇಳಿದಂತೆಯೇ ನಡೆದುಕೊಳ್ಳಿ.

ಮುಗಿಸುವ ಮುನ್ನ

ಗೆತ್ಸೆಮನಿ ತೋಪಿನಲ್ಲಿ ನಮ್ಮ ಪ್ರಭು ಯೇಸುವೂ ಮುಂದೆ ಬರುವ ನೋವನ್ನು ನೆನೆದು ಕಳವಳಗೊಂಡರು. ಅವರು ಆ ಭಯವನ್ನು ಮುಚ್ಚಿಡಲಿಲ್ಲ, ತಂದೆಗೆ ಹೇಳಿಕೊಂಡರು. ಶಿಷ್ಯರು ತಮ್ಮ ಜೊತೆ ಎಚ್ಚರವಾಗಿರಲೆಂದು ಬಯಸಿದರು. ಶಿಷ್ಯರು ನಿದ್ದೆ ಹೋದರು. ದವಾಖಾನೆಯ ಬಾಗಿಲಲ್ಲಿ ನಮ್ಮ ಸೆರಗು, ಅಂಗಿ ಹಿಡಿದು ನಿಂತ ಮಗುವೂ ನಮ್ಮಿಂದ ಅಷ್ಟನ್ನೇ ಬಯಸುತ್ತದೆ. ನೋವನ್ನು ಪೂರ್ತಿ ಇಲ್ಲವಾಗಿಸುವುದು ನಮ್ಮ ಕೈಯಲ್ಲಿಲ್ಲ. ನಿಜ ಹೇಳುವುದು ಮತ್ತು ಜೊತೆಯಲ್ಲಿ ಎಚ್ಚರವಾಗಿರುವುದು ನಮ್ಮ ಕೈಯಲ್ಲಿದೆ.

ಮನೆಯಲ್ಲಿ ಜಪಸರದ ನಂತರ ಮಾತಾಡಿಕೊಳ್ಳಲು:

1. ನಮ್ಮ ಮನೆಯಲ್ಲಿ ಸೂಜಿಯ ಹೆಸರು ಹೇಳಿ ಮಕ್ಕಳನ್ನು ಹೆದರಿಸುವವರು ಯಾರು? ಅದರ ಬದಲು ಏನು ಹೇಳಬಹುದು?
2. ನಮ್ಮ ಮಕ್ಕಳ ಲಸಿಕೆ ಕಾರ್ಡು ಎಲ್ಲಿದೆ? ಅದರಲ್ಲಿ ಯಾವ ಸೂಜಿ ಉಳಿದಿದೆ?
3. ನಾಯಿ ಕಚ್ಚಿದರೆ ನಮ್ಮ ಮಗು ಮೊದಲು ಯಾರಿಗೆ ಹೇಳುತ್ತದೆ? ಮಗುವನ್ನೇ ಕೇಳಿ ನೋಡಿ.

ಮಕ್ಕಳನ್ನು ಮಡಿಲಿಗೆ ಕರೆದು ಆಶೀರ್ವದಿಸಿದ ಪ್ರಭು ನಿಮ್ಮ ಮನೆಯ ಮಕ್ಕಳನ್ನೂ ನಿಮ್ಮ ಹೊಲ-ದನಗಳನ್ನೂ ಕಾಪಾಡಲಿ.

ಪ್ರಭುವಿನಲ್ಲಿ ನಿಮ್ಮ,
ಧರ್ಮಕೇಂದ್ರದ ಗುರುಗಳು